ತೋಳದ ಕಥೆಗೆ ಒಂದು ಹೂಂ

17 ಆಗಸ್ಟ್ 2008, ಭಾನುವಾರ. ಬಾಕ್ಸ್ ಹಿಲ್.

ಪ್ರತಿ ವಾರ ಇದೇ ಸಂಕಟ. ಈ ಪರದೇಶದಿಂದ ಚಿತ್ರದುರ್ಗಕ್ಕೆ ಫೋನ್ ಮಾಡಿದಾಗಲೆಲ್ಲ ಅಮ್ಮ ಮೊಮ್ಮಗಳ ಮಾತಿಗೆ ಕಾಯುತ್ತಾಳೆ. ನನ್ನ ಚಿನ್ಮಯಿ ‘ಹಾಯ್ ಅಜ್ಜಿ, ಬೈ ಅಜ್ಜಿ’ ಎಂದು ಓಡುತ್ತಾಳೆ. ಕನ್ನಡ ಪೂರ್ತಿ ಅರ್ಥವಾಗುತ್ತದೆ, ಬಾಯಿಂದ ಮಾತ್ರ ಹೊರಡುವುದಿಲ್ಲ.

ಇವತ್ತು ಲೈಬ್ರರಿಯಿಂದ ತಂದ ಫ್ರೆಂಚ್ ಕಥೆಗಳ ಪುಸ್ತಕ ಹಿಡಿದು ಗೋಳಾಡುತ್ತಿದ್ದಳು. ಅಜ್ಜಿಯ ವೇಷ ಹಾಕಿದ ತೋಳ ಹುಡುಗಿಯನ್ನು ನುಂಗುತ್ತದೆ, ಕಥೆ ಅಲ್ಲಿಗೇ ಮುಗಿಯುತ್ತದೆ. ‘ಶೀ ಜಸ್ಟ್ ಡೈಸ್, ಅಮ್ಮಾ!’ ಫೋನಿನಲ್ಲಿ ಅದನ್ನೇ ಹೇಳಿದೆ. ಅಮ್ಮನಿಗೆ ಸಿಟ್ಟೇ ಬಂತು.

‘ಹೊಟ್ಟೆನೋವು, ಹಿತ್ತಲಿಗೆ ಹೋಗ್ಬೇಕು ಅಂತ ಹೇಳಿ ತಪ್ಪಿಸ್ಕೊಳ್ಳೋಕೆ ಏನಾಗಿತ್ತು ಆ ಹುಡುಗೀಗೆ? ಕೊಡು ಅವಳ ಕೈಗೆ ಫೋನು.’

ನಾನು ಬೆಪ್ಪಾದೆ. ಪುಸ್ತಕದ ಮುನ್ನುಡಿಯಲ್ಲಿ ಅದೇ ಇದೆ. ಅರಮನೆಯ ಸಾಹಿತಿಗಳ ಕೈಗೆ ಸಿಗುವ ಮೊದಲು, ಫ್ರಾನ್ಸಿನ ಹಳ್ಳಿಗಳಲ್ಲಿ ಹೇಳುತ್ತಿದ್ದ ಕಥೆಯಲ್ಲಿ ಹುಡುಗಿ ಇದೇ ನೆಪ ಹೇಳಿ ಓಡಿಹೋಗುತ್ತಾಳಂತೆ. ನಮ್ಮಮ್ಮನಂಥವಳೊಬ್ಬಳು ಅಲ್ಲೂ ಇದ್ದಿರಬೇಕು.

‘ಹೂಂ ಅನ್ನು ಪುಟ್ಟಾ, ಇಲ್ಲಾಂದ್ರೆ ಕಥೆ ಮುಂದೆ ಹೋಗಲ್ಲ’ ಎಂದು ಅಮ್ಮ ಗದರಿದ್ದು ನನಗೂ ಕೇಳಿಸಿತು. ಚಿನ್ಮಯಿ ನಾಚಿಕೊಂಡು ಮೆಲ್ಲಗೆ ‘ಹೂಂ’ ಎಂದಳು. ಆಮೇಲೆ ತೋಳ ಕಥೆಯ ಹುಡುಗಿಯ ಕಾಲಿಗೆ ಕಟ್ಟಿದ ಹಗ್ಗಕ್ಕೊಂದು ಹೂಂ, ಅವಳು ಅದನ್ನು ಬಿಚ್ಚಿ ಸುತ್ತಿದ ಹುಣಸೆಮರಕ್ಕೊಂದು ಹೂಂ.

ಅನ್ನಕ್ಕಿಟ್ಟು ಬರುವಷ್ಟರಲ್ಲಿ ಫೋನ್ ಕಾರ್ಡಿನ ದುಡ್ಡು ಮುಗಿದು ಲೈನ್ ಕಟ್ಟಾಗಿತ್ತು. ತಾನು ಸರಿಯಾಗಿ ಹೂಂಗುಟ್ಟಲಿಲ್ಲವೆಂದೇ ಅಜ್ಜಿ ಕಥೆ ನಿಲ್ಲಿಸಿದ್ದಾಳೆ ಎಂದುಕೊಂಡು, ಮಗು ರಿಸೀವರನ್ನು ಕಿವಿಗೊತ್ತಿಕೊಂಡು ಜೋರಾಗಿ ಹೂಂಗುಟ್ಟುತ್ತಲೇ ಇತ್ತು. ಹೂಂ, ಅಜ್ಜಿ. ಹೂಂ. ಹೂಂ...