ಎರಡಡಿ ಜಾಗ

ಜಯನಗರ, 9-3-1998

ಸತ್ಯಭಾಮಾ ಅವರಿಗೆ ನಮಸ್ಕಾರ.

ಈ ಮನೆ ಮಾರುತ್ತಿದ್ದೇನೆ. ಇದನ್ನು ಪ್ಲಾನು ಮೀರಿ ಕಟ್ಟಿದೆಯೆಂದು ಕಾರ್ಪೊರೇಷನ್ನಿನವರು ನಮಗೆ ಕೊಟ್ಟ ನೋಟಿಸು ಇನ್ನೂ ಇತ್ಯರ್ಥವಾಗಿಲ್ಲ. ಅದು ಗೊತ್ತಿದ್ದೂ ಒಬ್ಬರು ಪೂರ್ತಿ ನಗದು ಕೊಟ್ಟು ಕೊಳ್ಳಲು ಒಪ್ಪಿದ್ದಾರೆ. ನಿನ್ನೆ ಅವರು ಟೇಪು ಹಿಡಿದು ಅಳೆದಾಗ, ನಮ್ಮ ಅಡುಗೆಮನೆ ನಿಮ್ಮ ಸೈಟಿನೊಳಗೆ ಎರಡಡಿ ಬಂದಿರುವುದು ತಿಳಿಯಿತು. ನಿಮ್ಮ ನುಗ್ಗೆಕೊಂಬೆ ನಮ್ಮ ಕಡೆ ಬಾಗಿತೆಂದು ನಮ್ಮ ಯಜಮಾನರು ಸಾಯುವವರೆಗೂ ನಿಮ್ಮೊಡನೆ ಮಾತಾಡಲಿಲ್ಲ. ನಿನ್ನೆ ಓಡಿಬಂದು, ಇದು ನಿಮಗೆ ಗೊತ್ತಿತ್ತೇ ಎಂದು ಕೇಳಿದರೆ ನೀವು, "ಕಟ್ಟಿದಾಗಲೇ ಗೊತ್ತಿತ್ತು ಕಣ್ರೀ. ನೀವು ತುಂಬು ಬಸುರಿ, ಗೋಡೆ ಒಡೆಸಿ ಅಂತ ಹೇಗೆ ಹೇಳೋದು?" ಅಂದಿರಿ.

ಆ ಗೋಡೆ ಒಡೆಸಿ ನಿಮ್ಮ ಜಾಗ ಬಿಟ್ಟುಕೊಟ್ಟ ಮೇಲೆಯೇ ರಿಜಿಸ್ಟರ್ ಮಾಡಿಕೊಡುವುದಾಗಿ ಕೊಳ್ಳುವವರಿಗೆ ಹೇಳಿದ್ದೇನೆ. ಕೆಲಸದವರು ಮುಂದಿನ ಸೋಮವಾರ ಬರುತ್ತಾರೆ. ಅಡುಗೆಮನೆಯಿಲ್ಲದ ಆ ದಿನಗಳಲ್ಲಿ ನಿಮ್ಮ ಮನೆಗೆ ಊಟಕ್ಕೆ ಬರಲೇ?

ಇಂತಿ,
ಪಕ್ಕದ ಮನೆಯ ಇಂದುಮತಿ