ಚಿಂದಿ ಮೂಟೆಯ ಮೇಲೆ ಕೂತವಳ ಅಹವಾಲು

ಮಾನ್ಯ ವೈದ್ಯಾಧಿಕಾರಿಗಳೇ,

ದಯವಿಟ್ಟು ಕೂತು ಓದಿ. ನಿಮಗೆ ಕೂರುವ ಅನುಮತಿ ಇದೆ, ನನಗಿಲ್ಲ. ನನ್ನ ತಕರಾರು ಅಷ್ಟೇ. ಹೋದ ವಾರ ನೀವು ನಮ್ಮ ಸಮವಸ್ತ್ರ ಕಾರ್ಖಾನೆಯ ಕತ್ತರಿಸುವ ಕೋಣೆಗೆ ದಯಮಾಡಿಸಿ, ನಾನು ಕೂತಿದ್ದ ಚಿಂದಿ ಮೂಟೆಯನ್ನು ಎತ್ತಿಸಿದಿರಿ. ಶಸ್ತ್ರಚಿಕಿತ್ಸೆಯ ಗಾಯ ಒಣಗಿರುವುದರಿಂದ ನಾನು ಸಂಪೂರ್ಣ ಆರೋಗ್ಯವಂತೆ ಎಂದು ತೀರ್ಮಾನಿಸಿದಿರಿ. ಕೆಲಸದ ಹೊತ್ತಿನಲ್ಲಿ ಇನ್ನೊಮ್ಮೆ ಕೂತದ್ದು ಕಂಡರೆ ಮೇಜಿನಿಂದ ತೆಗೆದು ಉಗ್ರಾಣದಲ್ಲಿ ಬಟ್ಟೆಯ ಥಾನು ಹೊರಲು ಹಾಕುತ್ತೇನೆ ಎಂದಿರಿ. ನಿಲ್ಲಲಾರದವಳನ್ನು ಹೊರಲು ಕಳಿಸುವ ಈ ಚಿಕಿತ್ಸೆ ಯಾವ ವೈದ್ಯಶಾಸ್ತ್ರದಲ್ಲಿದೆಯೋ ತಿಳಿಯದು. ಕೊನೆಗೆ ಒಂದು ಆಯ್ಕೆಯನ್ನೂ ಕೊಟ್ಟಿರಿ. ಸೋಮವಾರದೊಳಗೆ ನಾನು ಒಂದೋ ‘ನನಗೆ ಯಾವ ತೊಂದರೆಯೂ ಇಲ್ಲ’ ಎನ್ನಬೇಕು, ಇಲ್ಲವೇ ‘ಶಸ್ತ್ರಚಿಕಿತ್ಸೆ ಮಾಡಿಸಿಕೊಂಡದ್ದಕ್ಕೆ ಪಶ್ಚಾತ್ತಾಪವಾಗಿದೆ’ ಎನ್ನಬೇಕು. ಎರಡೂ ಸುಳ್ಳು. ಸುಳ್ಳುಗಳಲ್ಲಿ ಒಂದನ್ನು ಆರಿಸಿಕೊಳ್ಳುವುದಕ್ಕೆ ನೀವು ಇಷ್ಟು ಉದಾರವಾಗಿ ಕಾಲಾವಕಾಶ ಕೊಟ್ಟಿರುವಾಗ, ಆ ಕಾಲವನ್ನು ನಿಜ ಹೇಳುವುದಕ್ಕೆ ಬಳಸಿಕೊಳ್ಳುತ್ತಿದ್ದೇನೆ.

ಇದನ್ನು ಪತ್ರಿಕೆಯಲ್ಲಿ ಓದುವ ಇತರರಿಗೆ ನನ್ನ ಪರಿಚಯ ಹೇಳಬೇಕು. ನಾನು ಬಟ್ಟೆ ಕತ್ತರಿಸುವವಳು. ಆಸ್ಪತ್ರೆಯ ದಾದಿಯರು, ಬಸ್ಸಿನ ಚಾಲಕರು, ಬೆಂಕಿ ಆರಿಸುವವರು ತೊಡುವ ಅಂಗಿಗಳು ನಮ್ಮ ಉದ್ದನೆಯ ಮೇಜಿನ ಮೇಲೆ ತುಂಡುಗಳಾಗಿ ಹುಟ್ಟುತ್ತವೆ. ಥಾನಿನಿಂದ ಬಟ್ಟೆ ಎಳೆದು ಪದರದ ಮೇಲೆ ಪದರ ಹಾಸಿ, ಮೇಲೆ ರಟ್ಟಿನ ಅಚ್ಚಿಟ್ಟು ಸೀಮೆಸುಣ್ಣದಲ್ಲಿ ಗೆರೆ ಎಳೆದು, ವಿದ್ಯುತ್ ಕತ್ತರಿಯಿಂದ ಅಷ್ಟೂ ಪದರವನ್ನು ಒಟ್ಟಿಗೆ ಕೊಯ್ಯುತ್ತೇವೆ. ಕೊಯ್ಯುವಾಗ ನಿಲ್ಲಲೇಬೇಕು, ಏಕೆಂದರೆ ಭಾರ ಭುಜದಿಂದ ಬರಬೇಕು. ಆದರೆ ಗೆರೆ ಎಳೆಯುವಾಗ, ತುಂಡು ಜೋಡಿಸುವಾಗ, ಕಟ್ಟು ಕಟ್ಟುವಾಗ ನಿಲ್ಲಬೇಕೆಂದು ಬಟ್ಟೆಯೇನೂ ಹಟ ಹಿಡಿದಿಲ್ಲ. ಹಟ ಹಿಡಿದಿರುವುದು ಕಾರ್ಖಾನೆಯ ನಿಯಮ. ಕೋಣೆಯಲ್ಲಿ ಒಂದೂ ಕುರ್ಚಿಯಿಲ್ಲ.

ನಿಯಮ ಇದ್ದ ಕಡೆ ಅದರ ಪಕ್ಕದಲ್ಲೇ ಮನುಷ್ಯರೂ ಇರುತ್ತಾರೆ. ಕೊಯ್ದ ಮೇಲೆ ಉಳಿಯುವ ಚೂರುಬಟ್ಟೆಯನ್ನು ಗೋಣಿಯಲ್ಲಿ ತುಂಬಿ ಬಾಯಿ ಹೊಲಿದರೆ ಅದೇ ಚಿಂದಿ ಮೂಟೆ. ಮೆತ್ತಗಿರುತ್ತದೆ, ಮೇಜಿನ ಕೆಳಗೆ ಹಿಡಿಸುತ್ತದೆ. ಹೆರಿಗೆ ಮುಗಿಸಿ ಕೆಲಸಕ್ಕೆ ಮರಳಿದವಳಿಗೆ ಮೇಜಿನ ತುದಿಯಲ್ಲಿ ಒಂದು ಮೂಟೆ ಉರುಳಿಸಿ ಕೊಡುವುದು ನಾನು ಬರುವ ಮೊದಲಿನಿಂದಲೂ ನಡೆದುಬಂದಿದೆ. ಅದರ ಹೆಸರು ಬಾಣಂತಿ ಮೂಟೆ. ಎಷ್ಟು ದಿನ ಕೂರಬೇಕು ಎಂದು ಯಾರೂ ಕೇಳುವುದಿಲ್ಲ. ಸಾಕೆನಿಸಿದಾಗ ಅವಳೇ ಅದನ್ನು ಕಾಲಿನಿಂದ ಒಳಗೆ ತಳ್ಳುತ್ತಾಳೆ. ಮೇಲ್ವಿಚಾರಕರು ಆ ಮೂಲೆಗೆ ಬಂದಾಗ ಅವರಿಗೆ ಕಿಟಕಿಯಾಚೆ ಏನೋ ಭಾರೀ ಆಸಕ್ತಿ ಹುಟ್ಟುತ್ತಿತ್ತು.

ಇನ್ನು ನನ್ನ ವಿಷಯ. ಹುಟ್ಟಿದಾಗ ನನ್ನನ್ನು ಹುಡುಗ ಎಂದರು. ಅದು ತಪ್ಪೆಂದು ನನಗೆ ಅಕ್ಷರ ಕಲಿಯುವ ಮೊದಲೇ ಗೊತ್ತಿತ್ತು. ಉಳಿದವರಿಗೆ ತಿಳಿಸಿ ಹೇಳುವುದರಲ್ಲಿ ಅರ್ಧ ಆಯಸ್ಸು ಹೋಯಿತು. ಕಳೆದ ಚಳಿಗಾಲದಲ್ಲಿ ಲಿಂಗ ದೃಢೀಕರಣ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡೆ. ಆಸ್ಪತ್ರೆಯಿಂದ ಅಕ್ಕನ ಮನೆಗೆ ಬಂದು, ಸ್ನಾನಕ್ಕೆ ಅಪ್ಪಣೆ ಸಿಕ್ಕ ದಿನ, ಬಚ್ಚಲಿನ ದೀಪ ಆರಿಸದೆ ಸ್ನಾನ ಮಾಡಿದೆ. ಜೀವಮಾನದಲ್ಲಿ ಮೊದಲ ಸಲ. ಒಳಗೆ ಅಳುತ್ತ ಕೂತಿದ್ದೆ. ಹೊರಗಿನಿಂದ ಅಕ್ಕ “ಬೇಗ ಬಾರೇ, ನೀರೆಲ್ಲ ನೀನೇ ಖಾಲಿ ಮಾಡ್ತಿದ್ದೀಯ, ನನಗೂ ಸ್ವಲ್ಪ ಇರಲಿ” ಎಂದು ಬಾಗಿಲು ಬಡಿಯುತ್ತಿದ್ದಳು. ಅಷ್ಟು ಸಂತೋಷ ನನಗೆ ಹಿಂದೆಂದೂ ಆಗಿರಲಿಲ್ಲ. ಇದನ್ನು ನೆನಪಿಟ್ಟುಕೊಂಡು ಮುಂದೆ ಓದಿ.

ಆಮೇಲೆ ಬಂದದ್ದು ಸುಸ್ತು. ದುಡಿಮೆಯ ಸುಸ್ತು ನನಗೆ ಗೊತ್ತು. ಅದು ಊಟ ಮಾಡಿ ಮಲಗಿದರೆ ಹೋಗುತ್ತದೆ. ಇದು ಹಾಗಲ್ಲ. ನಾನು ಏಳುವ ಮೊದಲೇ ಎದ್ದು ನನಗಾಗಿ ಕಾದಿರುತ್ತದೆ. ತಲೆ ಬಾಚಲು ಕೈ ಎತ್ತಿದರೆ ಅರ್ಧಕ್ಕೇ ಬಾಚಣಿಗೆ ಮಡಿಲಿಗೆ ಬರುತ್ತದೆ. ಯಾರಾದರೂ ಮಾತಾಡಿದರೆ ಮಾತಿನ ಮೊದಲ ಭಾಗ ಕೇಳುತ್ತದೆ, ಕೊನೆಯದು ಬರುವಷ್ಟರಲ್ಲಿ ನಾನು ಅಲ್ಲಿರುವುದಿಲ್ಲ. ಗಾಯ ಮುಚ್ಚಿದರೂ ಬೆಳಗ್ಗೆ ಸಂಜೆ ತಪ್ಪದೆ ಮಾಡಿಕೊಳ್ಳಬೇಕಾದ ಆರೈಕೆ ಇದೆ. ಅದನ್ನು ಮುಗಿಸಿದರೆ ಅಂದಿನ ಶಕ್ತಿಯೂ ಮುಗಿದಂತೆ. ಒಂದು ದಿನ ಒದ್ದೆ ಬಟ್ಟೆ ಹರವಲು ಹೋಗಿ ಹಗ್ಗ ಹಿಡಿದು ನಿಂತುಬಿಟ್ಟೆ.

“ಬಟ್ಟೆ ಒಣಹಾಕು ಅಂದ್ರೆ ನೀನೇ ನೇತಾಡ್ತಿದ್ದೀಯಲ್ಲೇ” ಎಂದಳು ಅಕ್ಕ. ನಾನು ನಗಲಿಲ್ಲ. ಅವಳ ಮುಖ ಬದಲಾಯಿತು. “ಏನಾಗ್ತಿದೆ, ಹೇಳು.”

“ಏನಿಲ್ಲ, ಬಿಸಿಲು” ಎಂದೆ. ಆ ದಿನ ಮೋಡ ಕವಿದಿತ್ತು.

ಅವಳೇ ನನ್ನನ್ನು ಎಳೆದುಕೊಂಡು ಶಸ್ತ್ರಚಿಕಿತ್ಸಕರ ಹತ್ತಿರ ಹೋದಳು. ಅವರು ರಕ್ತ ಪರೀಕ್ಷೆ ಮಾಡಿಸಿದರು, ಬೇರೆ ಕಾಯಿಲೆಯಿಲ್ಲ ಎಂದು ಖಚಿತಪಡಿಸಿಕೊಂಡರು. “ಹೊರಗಿನ ಹೊಲಿಗೆ ಮಾಯ್ದ ತಕ್ಷಣ ಒಳಗಿನದೆಲ್ಲ ಸರಿಹೋಯ್ತು ಅಂತಲ್ಲಮ್ಮ. ದೊಡ್ಡ ಶಸ್ತ್ರಚಿಕಿತ್ಸೆ ಇದು. ತಿಂಗಳುಗಟ್ಟಲೆ ಸುಸ್ತು ಇರಬಹುದು. ಮೈ ಕೇಳಿದಾಗ ಕೂತ್ಕೊಳ್ಳಿ, ಅದರ ಜೊತೆ ಜಗಳಕ್ಕೆ ಹೋಗಬೇಡಿ” ಎಂದರು. ಎಷ್ಟು ಸುಲಭದ ಮಾತು ನೋಡಿ. ಇದೇ ಮಾತನ್ನು ಅವರು ಬೇರೆ ಯಾವ ರೋಗಿಗೆ ಹೇಳಿದ್ದರೂ ಆ ರೋಗಿ ಮನೆಗೆ ಹೋಗಿ ಹಾಯಾಗಿ ನರಳುತ್ತಿದ್ದ.

ನನಗೆ ನರಳುವ ಹಕ್ಕಿಲ್ಲ, ಮಾನ್ಯರೇ. ಏಕೆ ಎಂದು ಕೇಳಿ. ಮಂಡಿಯ ಶಸ್ತ್ರಚಿಕಿತ್ಸೆ ಮಾಡಿಸಿಕೊಂಡ ನಮ್ಮ ಚಿಕ್ಕಪ್ಪ ಒಂದು ವರ್ಷ ಅಯ್ಯೋ ಅಮ್ಮಾ ಎಂದರು. ಅವರನ್ನು ಯಾರಾದರೂ ‘ಹಳೆಯ ಮಂಡಿಯೇ ಚೆನ್ನಾಗಿತ್ತು ಅನಿಸುತ್ತಿದೆಯೇ’ ಎಂದು ಕೇಳಿದರೇ? ನಾನು ಒಮ್ಮೆ ಗೋಡೆಗೆ ಒರಗಿದರೆ ಸಾಕು, ಅದೇ ಚಿಕ್ಕಪ್ಪ “ಮಾಡಿದ್ದುಣ್ಣೋ ಮಹಾರಾಯ” ಎಂದು ಗಾದೆ ಬಿಚ್ಚುತ್ತಾರೆ. ಅಮ್ಮ ಫೋನಿನಲ್ಲಿ ನನ್ನ ದನಿ ಸ್ವಲ್ಪ ಕುಗ್ಗಿದ್ದು ಕೇಳಿಸಿದರೆ, “ನಾನು ಆಗ್ಲೇ ಬೇಡ ಅಂದಿದ್ದೆ” ಎಂಬ ಒಂದು ವಾಕ್ಯವನ್ನು ನುಂಗಿಕೊಳ್ಳುತ್ತಾಳೆ. ಅದು ಅವಳ ಗಂಟಲಿನಲ್ಲಿ ಇಳಿಯುವ ಸದ್ದು ನನಗೆ ಇಲ್ಲಿಗೆ ಕೇಳಿಸುತ್ತದೆ. ನನಗೆ ಪಶ್ಚಾತ್ತಾಪವಾಗಿದೆ ಎಂಬುದಕ್ಕೆ ಸಾಕ್ಷಿಯಾಗಿ ಎಲ್ಲರೂ ನನ್ನ ಸುಸ್ತಿಗಾಗಿ ಕಾಯುತ್ತಿದ್ದಾರೆ. ಹಾಗಾಗಿ ನಾನು ಕೇಳಿದವರಿಗೆಲ್ಲ “ಕಲ್ಲುಗುಂಡಿನ ಹಾಗಿದ್ದೀನಿ” ಎನ್ನುತ್ತ ಓಡಾಡಿದೆ. ಬಯಸಿ ಪಡೆದದ್ದು ನೋಯಲೇಬಾರದು ಎಂಬ ಕಾನೂನು ಎಲ್ಲಿಂದ ಬಂತು? ಬಯಸಿ ಮದುವೆಯಾದವರು ಜಗಳವಾಡುವುದಿಲ್ಲವೇ? ಬಯಸಿ ಹೆತ್ತವರು ನಿದ್ದೆಗೆಟ್ಟು ತೂಕಡಿಸುವುದಿಲ್ಲವೇ?

ಹೀಗೆ ಕಲ್ಲುಗುಂಡಾಗಿ ಕೆಲಸಕ್ಕೆ ಮರಳಿದೆ. ಕಲ್ಲುಗುಂಡು ಏನು ಮಾಡಿತು ಕೇಳಿ. ಅಂಗಿಯ ತೋಳು ಕತ್ತರಿಸುವಾಗ ಬಟ್ಟೆಯನ್ನು ಒಂದು ಪದರ ಮುಖ ಮೇಲಾಗಿ, ಮುಂದಿನ ಪದರ ಮುಖ ಕೆಳಗಾಗಿ ಹಾಸಬೇಕು. ಆಗ ಒಂದೇ ಅಚ್ಚಿನಿಂದ ಬಲತೋಳು ಎಡತೋಳು ಜೋಡಿಯಾಗಿ ಬರುತ್ತವೆ. ಇದು ಕೆಲಸಕ್ಕೆ ಸೇರಿದ ಮೊದಲ ದಿನ ಕಲಿಸುವ ಪಾಠ. ನಾನು ಅಷ್ಟೂ ಪದರವನ್ನು ಮುಖ ಮೇಲಾಗಿಯೇ ಹಾಸಿ ಕೊಯ್ದುಬಿಟ್ಟೆ. ಬಸ್ ಚಾಲಕರ ಒಂದು ದೊಡ್ಡ ತಂಡಕ್ಕೆ ಆಗುವಷ್ಟು ತೋಳು, ಎಲ್ಲವೂ ಎಡಗೈಯದು.

ನಮ್ಮ ಮೇಜಿನ ಹಿರಿಯಳು ಸದಾ ಕೊರಳಲ್ಲಿ ಅಳತೆಯ ಟೇಪು ಹಾಕಿಕೊಂಡೇ ಇರುವವಳು; ನಾವು ಅವಳನ್ನು ಟೇಪಕ್ಕ ಎನ್ನುತ್ತೇವೆ. ಕಟ್ಟು ಬಿಚ್ಚಿ ಒಂದು ತೋಳು ನೋಡಿದಳು, ಇನ್ನೊಂದು ನೋಡಿದಳು.

“ಏನೇ ಇದು? ಎರಡೂ ಎಡಗೈ ಇರೋ ಡ್ರೈವರ್ ಯಾರಾದ್ರೂ ಇದ್ದಾರಾ?”

ಬಾಯಿಗೆ ಬಂದ ಸುಳ್ಳು ಹೇಳಲೂ ಆಗಲಿಲ್ಲ. “ತುಂಬಾ ಸುಸ್ತು, ಟೇಪಕ್ಕ” ಎಂದೆ. ಆ ಮಾತನ್ನು ಮನೆಯಲ್ಲೂ ಇನ್ನೂ ಪೂರ್ತಿ ಹೇಳಿರಲಿಲ್ಲ.

ಅವಳು ಬಗ್ಗಿ ಮೇಜಿನಡಿಯಿಂದ ಒಂದು ಮೂಟೆ ಎಳೆದಳು. ಆಚೆ ತುದಿಯಿಂದ ಯಾರೋ, “ಅದು ಹೆತ್ತು ಬಂದೋರಿಗಲ್ವಾ?” ಎಂದರು. ದನಿಯಲ್ಲಿ ಕುಹಕವಿರಲಿಲ್ಲ, ನಿಜವಾಗಿಯೂ ಗೊತ್ತಾಗದೆ ಕೇಳಿದ್ದು.

“ಹೆತ್ತೋರಿಗಾದ್ರೆ ಮಗು ಅಳುತ್ತೆ, ಊರಿಗೆಲ್ಲ ಗೊತ್ತಾಗುತ್ತೆ. ಇವಳ ಸುಸ್ತು ಅಳಲ್ಲ. ಅಷ್ಟೇ ವ್ಯತ್ಯಾಸ” ಎಂದಳು ಟೇಪಕ್ಕ. “ಕೂತ್ಕೊಂಡು ಗೆರೆ ಎಳಿ. ಕೊಯ್ಯೋವಾಗ ಎದ್ದೇಳು. ಇವತ್ತು ನೀನು ಕೊಯ್ಯೋ ಮುಂಚೆ ಪದರ ನಾನು ನೋಡ್ತೀನಿ.” ಎಡತೋಳಿನ ರಾಶಿಯಿಂದ ಮೇಜಿನವರೆಲ್ಲ ಸೇರಿ ಊಟದ ವಿರಾಮದಲ್ಲಿ ಕಾಲರ್ ಪಟ್ಟಿ, ಜೇಬಿನ ಮುಚ್ಚಳ ತೆಗೆದರು. ಒಂದು ಗೇಣು ಬಟ್ಟೆಯೂ ಹಾಳಾಗಲಿಲ್ಲ. ಮೂಟೆಯ ಮೇಲೆ ಕೂತು ನಾನು ಮತ್ತೆ ತಪ್ಪಿಲ್ಲದೆ ಕೆಲಸ ಮಾಡತೊಡಗಿದೆ. ಸುಸ್ತು ಹೋಗಲಿಲ್ಲ, ಆದರೆ ಅದಕ್ಕೊಂದು ಜಾಗ ಸಿಕ್ಕಿತು.

ಅಷ್ಟರಲ್ಲಿ ನೀವು ಬಂದಿರಿ. ಮೂಟೆ ಕಂಡಿತು, ಮೇಲೆ ನಾನು ಕಂಡೆ. ನಿಮ್ಮ ಕೋಣೆಗೆ ಕರೆಸಿದಿರಿ. “ನೋಡಪ್ಪಾ” ಎಂದು ಶುರುಮಾಡಿ, ಕೆಮ್ಮಿ, “ನೋಡಮ್ಮಾ” ಎಂದು ತಿದ್ದಿಕೊಂಡಿರಿ. ಆ ಕೆಮ್ಮಿಗೆ ನಾನು ಋಣಿ.

“ಗಾಯ ಒಣಗಿದೆಯಲ್ಲ?” ಎಂದಿರಿ.

“ಒಣಗಿದೆ, ಸರ್.”

“ಜ್ವರ?”

“ಇಲ್ಲ.”

“ಮತ್ತೇನು?”

“ಸುಸ್ತು, ಸರ್. ಕೂತು ಕೆಲಸ ಮಾಡೋಕೆ ಬಿಡಿ, ಸಾಕು. ರಜೆ ಬೇಡ.” ನನ್ನ ಶಸ್ತ್ರಚಿಕಿತ್ಸಕರು ಹೇಳಿದ್ದನ್ನೂ ತಿಳಿಸಿದೆ.

“ಇದು ನೀನಾಗೇ ಮಾಡಿಸಿಕೊಂಡಿದ್ದು. ಕಾಯಿಲೆ ಅಲ್ಲ. ಇದಕ್ಕೆಲ್ಲ ವಿನಾಯಿತಿ ಇಲ್ಲ.” ಆಮೇಲೆ ನಿಮ್ಮ ದನಿ ಮೆತ್ತಗಾಯಿತು. ಅದೇ ನನಗೆ ಹೆಚ್ಚು ಹೆದರಿಕೆ ಹುಟ್ಟಿಸಿದ್ದು. “ಪಶ್ಚಾತ್ತಾಪ ಆಗಿದ್ರೆ ಹೇಳು. ಅದು ಬೇರೆ ವಿಷಯ. ಮನೋವೈದ್ಯರಿಗೆ ಬರೀತೀನಿ, ದೀರ್ಘ ರಜೆ ಕೊಡಿಸ್ತೀನಿ. ಮನೇಲಿ ಮಲಗಿರಬಹುದು.”

ನಿಮ್ಮ ಒಳ್ಳೆಯ ಉದ್ದೇಶವನ್ನು ನಾನು ಅನುಮಾನಿಸುವುದಿಲ್ಲ. ಸುಸ್ತಿಗೆ ವಿಶ್ರಾಂತಿಯಿಲ್ಲ, ಪಶ್ಚಾತ್ತಾಪಕ್ಕೆ ಇದೆ. ಬಳಲಿದ್ದೇನೆ ಎಂದರೆ ಒಂದು ಮೂಟೆಯೂ ಸಿಗದು. ನಾನು ನಾನಲ್ಲ, ನನ್ನ ಬದುಕೇ ಒಂದು ತಪ್ಪು ಎಂದರೆ ಹಾಸಿಗೆ, ದಿಂಬು, ಕನಿಕರ ಎಲ್ಲ ಸಿಗುತ್ತದೆ. ಇಂಥ ವೈದ್ಯಕೀಯ ವ್ಯವಸ್ಥೆಯನ್ನು ಕಂಡುಹಿಡಿದವರಿಗೆ ಸನ್ಮಾನವಾಗಬೇಕು. ನಾನು ಸುಮ್ಮನೆ ನಿಂತಿದ್ದೆ. ನೀವು ಅದನ್ನು ಯೋಚನೆ ಎಂದುಕೊಂಡು ಸೋಮವಾರದ ಗಡುವು ಕೊಟ್ಟಿರಿ.

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಳೆದರು ಎಂಬ ಮಾತಿದೆ. ನೀವು ಎತ್ತಿಸಿದ್ದು ನನ್ನ ಮೂಟೆಯನ್ನಷ್ಟೇ ಅಲ್ಲ. ಒಬ್ಬಳಿಗಿಲ್ಲದ್ದು ಯಾರಿಗೂ ಬೇಡ, ಸಮಾನತೆ ಇರಲಿ ಎಂದು ಬಾಣಂತಿ ಮೂಟೆಯನ್ನೂ ಹೊರಗೆ ಹಾಕಿಸಿದಿರಿ. ಜೇಬಿನ ತುಂಡು ಕತ್ತರಿಸುವುದರಿಂದ ನಾವು ಜೇಬುಗಳ್ಳಿ ಎಂದು ಕರೆಯುವ ಗೆಳತಿಯೊಬ್ಬಳಿದ್ದಾಳೆ. ಹೆರಿಗೆಯಾಗಿ ಇತ್ತೀಚೆಗಷ್ಟೇ ಮರಳಿದ್ದಾಳೆ. ಈಗ ಅವಳೂ ನಿಂತೇ ಇರುತ್ತಾಳೆ. ಎರಡು ದಿನ ನನ್ನ ಜೊತೆ ಮಾತು ಬಿಟ್ಟಿದ್ದಳು. ಮೂರನೆಯ ದಿನ ನಲ್ಲಿಯ ಹತ್ತಿರ ಸಿಕ್ಕಳು.

“ನಿನ್ನನ್ನ ಬೈಬಾರದು ಅಂತ ಗೊತ್ತು” ಎಂದಳು. “ಆದ್ರೆ ಎದೇಲಿ ಹಾಲು ಕಟ್ಕೊಂಡು, ಸೊಂಟ ಹಿಡ್ಕೊಂಡು ನಿಂತಾಗ ಯಾರನ್ನಾದ್ರೂ ಬೈಬೇಕು ಅನ್ಸುತ್ತೆ. ಆ ಡಾಕ್ಟ್ರು ದೂರ ಇದ್ದಾರೆ. ನೀನು ಹತ್ರ ಇದ್ದೀಯ.”

“ಬೈಕೋ” ಎಂದೆ.

“ಬೇಡ. ನಿನ್ನ ಮುಖ ನೋಡಿದ್ರೆ ಬೈಗಳ ತಡ್ಕೊಳ್ಳೋ ಶಕ್ತಿನೂ ಇಲ್ಲ ನಿನಗೆ” ಎಂದು ಬಾಟಲಿ ತುಂಬಿಸಿಕೊಂಡು ಹೋದಳು. ಶಸ್ತ್ರಚಿಕಿತ್ಸೆಯ ನೋವಿಗಿಂತ ಈ ಮಾತು ಹೆಚ್ಚು ನೋಯಿಸಿತು. ನನ್ನನ್ನು ಹೆಣ್ಣುಗಳ ಸಾಲಿನಲ್ಲಿ ಕೂರಿಸಿಕೊಂಡವರ ಆಸನವೇ ನನ್ನಿಂದಾಗಿ ಹೋಯಿತು. ಟೇಪಕ್ಕ ಮಾತ್ರ, “ಪೇಪರಿಗೆ ಬರೀ. ಚೆನ್ನಾಗಿ ಬರೀ. ನನ್ನ ಹೆಸರು ಹಾಕ್ಬೇಡ, ನಿವೃತ್ತಿ ಹತ್ರ ಇದೆ” ಎಂದಳು.

ಆದ್ದರಿಂದ ನನ್ನ ಬೇಡಿಕೆ ಇಷ್ಟು. ಮೂಟೆಗಳು ಒಳಗೆ ಬರಲಿ. ಮೊದಲು ಜೇಬುಗಳ್ಳಿಗೆ, ಆಮೇಲೆ ನನಗೆ, ಮತ್ತೆ ಯಾವ ಕಾರಣಕ್ಕೇ ಆಗಲಿ ಮೈ ಸೋತು ಬಂದ ಪ್ರತಿಯೊಬ್ಬರಿಗೂ. ಚಿಂದಿಯಿಂದ ಬೆಂಕಿಯ ಭಯ, ಧೂಳಿನ ಭಯವಿದ್ದರೆ ಕುರ್ಚಿಯನ್ನೇ ಕೊಡಿ, ನಮಗೆ ಮೂಟೆಯ ಮೇಲೆ ವಿಶೇಷ ವ್ಯಾಮೋಹವಿಲ್ಲ. ನನ್ನ ವಿಷಯದಲ್ಲಿ ‘ಆಯಾಸ’ ಎಂದೇ ದಾಖಲಿಸಿ. ಅದರ ಪಕ್ಕದಲ್ಲಿ ಇನ್ನೊಂದು ಪದ ಸೇರಿಸಬೇಡಿ. ಸೋಮವಾರ ನಾನು ನಿಮ್ಮ ಎರಡು ಮಾತುಗಳಲ್ಲಿ ಯಾವುದನ್ನೂ ಹೇಳುವುದಿಲ್ಲ. ಗೆರೆ ಎಳೆಯುವ ಹೊತ್ತು ಬಂದಾಗ ಮೇಜಿನ ಪಕ್ಕ ನೆಲದ ಮೇಲೆ ಕೂರುತ್ತೇನೆ. ಉಗ್ರಾಣಕ್ಕೆ ಹಾಕುವುದಾದರೆ ಅಲ್ಲಿಂದಲೇ ಎಬ್ಬಿಸಿ.

ಕೊನೆಯದಾಗಿ ಒಂದು ವಿಷಯ ತಿಳಿದಿರಲಿ. ಅಂದು ನಿಮ್ಮ ಕೋಣೆಯಲ್ಲಿ ನಾನು ಹೂಂ ಅನ್ನದೆ ಉಳಿದದ್ದು ಧೈರ್ಯದಿಂದಲ್ಲ. ನೀವು ಮಲಗಿರಬಹುದು ಎಂದಾಗ ನನ್ನ ಮೈಯೆಲ್ಲ ಹೂಂ ಎಂದಿತ್ತು. ಇನ್ನು ಸ್ವಲ್ಪ ಹೊತ್ತು ನಿಲ್ಲಿಸಿಕೊಂಡಿದ್ದರೆ ಬಾಯಿಯೂ ಅನ್ನುತ್ತಿತ್ತು. ನನ್ನ ಹಿಂದೆ ಇನ್ನೊಬ್ಬಳು ಬರುತ್ತಾಳೆ, ಅವಳು ಅನ್ನುತ್ತಾಳೆ. ಒಂದು ನಿದ್ದೆಗಾಗಿ ತನ್ನ ಇಡೀ ಬದುಕು ತಪ್ಪೆಂದು ಒಪ್ಪಿಕೊಂಡು ಹೋಗಿ ಮಲಗುತ್ತಾಳೆ. ನೀವು ಅವಳನ್ನು ತೋರಿಸಿ, ನೋಡಿ, ಇವರಿಗೆಲ್ಲ ಕೊನೆಗೆ ಪಶ್ಚಾತ್ತಾಪವಾಗುತ್ತದೆ ಎನ್ನುತ್ತೀರಿ.

ಇಂತಿ,
ನಿಮ್ಮಿಂದಲೇ ಸಂಪೂರ್ಣ ಆರೋಗ್ಯವಂತೆ ಎನಿಸಿಕೊಂಡು,
ನಡುನಡುವೆ ಮಲಗಿ ಎದ್ದು ಇಷ್ಟನ್ನು ಬರೆದು ಮುಗಿಸಿದ,
ಸಂತೋಷವಾಗಿಯೂ ಸುಸ್ತಾಗಿಯೂ ಇರುವ
ಕತ್ತರಿ ಮೇಜಿನ ಒಬ್ಬ ಕೆಲಸಗಾರ್ತಿ