ಕೆಂಪಿಯ ಕಿವಿಯವರೆಗೆ ಒಂದು ತಂತಿ

ಮೂಡಲಗಿ
೨೩ ಆಗಸ್ಟ್ ೨೦೦೭, ಗುರುವಾರ

ಪ್ರೀತಿಯ ನಮ್ಮ ಮನೆಯವರಿಗೆ,

ನಿಮ್ಮ ವಿಜಿಯ ನಮಸ್ಕಾರಗಳು. ಈ ಸಲವೂ ಮೇಲೆ ಹೆಸರಿಲ್ಲ ಎಂದು ನಗಬೇಡಿ. ‘ಪತ್ರ ನನಗ ಬರದಿಯೋ, ಗ್ವಾಡಿಗೆ ಬರದಿಯೋ?’ ಎಂದು ಹೋದ ರಜೆಯಲ್ಲಿ ಅಣಕಿಸಿದ್ದು ಮರೆತಿಲ್ಲ. ಏನು ಮಾಡಲಿ, ಗಂಡನ ಹೆಸರು ನನಗೆ ಬಾಯಿಗೂ ಬಾರದು, ಕೈಗೂ ಬಾರದು. ಲಕೋಟೆಯ ಮೇಲೆ ಬರೆಯುವುದಕ್ಕೆ ಮಾವ ಇದ್ದಾರಲ್ಲ, ಸಾಕು. ಮೊದಲು ನಿಮ್ಮ ಆರೋಗ್ಯದ ವಿಷಯ ತಿಳಿಸಿ. ಹಿಮಕ್ಕೆ ಒಡೆದಿದ್ದ ಬೆರಳು ಮಾಯಿತೇ? ಮಾವ ನೇಯಿಸಿ ಕಳಿಸಿದ ಕಂಬಳಿಯನ್ನು ನೀವೇ ಹೊದೆಯುತ್ತಿದ್ದೀರೋ, ಕೇಳಿದ ಗೆಳೆಯನಿಗೆ ಕೊಟ್ಟು ಕೈತೊಳೆದುಕೊಂಡಿರೋ? ನಿಮ್ಮ ಗುಣ ನನಗೆ ಗೊತ್ತು, ಅದಕ್ಕೇ ಕೇಳುತ್ತಿದ್ದೇನೆ. ಪಂಚಮಿಯ ಉಂಡಿಗಳನ್ನು ಬೇರೆ ಪಾರ್ಸೆಲ್ ಮಾಡಿದ್ದೇನೆ. ಶೇಂಗಾದ ಉಂಡಿ ಅತ್ತೆಯವರ ಕೈಯದು, ರವೆಯದು ನನ್ನದು. ಎರಡೂ ಚೆನ್ನಾಗಿವೆ ಎಂದೇ ಉತ್ತರ ಬರೆಯಿರಿ, ಇಲ್ಲವಾದರೆ ಇಲ್ಲಿ ನನ್ನ ಗತಿ ನೆಟ್ಟಗಿರುವುದಿಲ್ಲ.

ಇಲ್ಲಿ ಎಲ್ಲರೂ ಕ್ಷೇಮ. ಈ ವರ್ಷ ಮಳೆ ಚೆನ್ನಾಗಿದೆ, ಹಿಡಕಲ್ ಡ್ಯಾಮು ತುಂಬಿ ಹೊಳೆಗೆ ನೀರು ಬಿಟ್ಟಿದ್ದಾರೆ. ಮಾವ ಕುರಿಗಳನ್ನು ಎತ್ತರದ ಮಡ್ಡಿಗೆ ಹೊಡೆದಿದ್ದಾರೆ. ಅತ್ತೆಯವರ ಮೊಣಕಾಲಿನ ನೋವು ಮಳೆಯ ಜೊತೆಗೇ ಬಂದು ಕುಳಿತಿದೆ, ದನಿ ಮಾತ್ರ ಎಂದಿನಂತೆ ಓಣಿಯ ಆ ತುದಿಗೂ ಕೇಳುತ್ತದೆ. ಪಂಚಮಿಗೆ ನಾನು ಹುಕ್ಕೇರಿಗೆ ಹೋಗಲಿಲ್ಲ. ಅಣ್ಣ ಕರೆಯಲು ಬಂದವನು ಮುಖ ಸಣ್ಣಗೆ ಮಾಡಿಕೊಂಡು ಒಬ್ಬನೇ ಬಸ್ಸು ಹತ್ತಿದ. ತವರಿನಲ್ಲಿ ಎಲ್ಲರಿಗೂ ನನ್ನ ಮೇಲೆ ಸಿಟ್ಟು. ಯಾಕೆ ಹೋಗಲಿಲ್ಲ ಎಂಬುದನ್ನು ಹೇಳಲಿಕ್ಕೇ ಈ ಪತ್ರ.

ನಮ್ಮ ಕೂಸು ಕೆಂಪಿಯ ಕಿವಿಯ ಮೇಲೆ ಮೊದಲ ಅನುಮಾನ ಬಂದದ್ದು ಗೋಕಾಕ ಫಾಲ್ಸಿನಲ್ಲಿ, ನಿಮಗೂ ನೆನಪಿದೆ. ಹೊಳೆ ಕೆಂಪಗೆ ಉಕ್ಕಿ ಧುಮುಕುತ್ತಿತ್ತು. ತೂಗು ಸೇತುವೆಯ ಮೇಲೆ ನೀವು ನನ್ನ ಕಿವಿಗೆ ಬಾಯಿ ಹಚ್ಚಿ ಕೂಗಿದರೂ ಒಂದಕ್ಷರ ತಿಳಿಯಲಿಲ್ಲ. ನಿಮ್ಮ ಹೆಗಲ ಮೇಲಿನ ಕೂಸು ಮಾತ್ರ ಹಾಯಾಗಿ ನಿದ್ದೆ ಹೋಗಿತ್ತು. ‘ಸಿಪಾಯಿ ಮಗಳು, ಹೆದರಂಗಿಲ್ಲ’ ಎಂದು ನೀವು ಮೀಸೆಯ ಮೇಲೆ ಕೈಯಾಡಿಸಿದಿರಿ. ನಾನೂ ಹಿಗ್ಗಿದೆ. ಇಳಿದು ಬಂದು ಬಸ್ಸಿನಲ್ಲಿ ಕುಳಿತ ಮೇಲೆ, ಅಷ್ಟು ಸದ್ದಿಗೂ ಕೂಸು ಏಳಲಿಲ್ಲವಲ್ಲ ಎಂದು ಇಬ್ಬರಿಗೂ ಒಟ್ಟಿಗೇ ಹೊಳೆಯಿತು. ಆಮೇಲೆ ಮೀರಜಿನಲ್ಲಿ ಪರೀಕ್ಷೆ ಮಾಡಿಸಿದ್ದು, ರಜೆ ಮುಗಿಯುವ ಮುನ್ನ ನೀವು ಕಿವಿಯ ಯಂತ್ರಗಳನ್ನು ತಂದುಕೊಟ್ಟದ್ದು ನಿಮಗೆ ಗೊತ್ತಿರುವುದೇ. ಗೊತ್ತಿಲ್ಲದ್ದೆಂದರೆ, ಕೆಂಪಿ ಅವನ್ನು ಕಿವಿಯಲ್ಲಿ ಇಟ್ಟುಕೊಳ್ಳುತ್ತಿರಲಿಲ್ಲ. ಹಾಕಿದ ಕೂಡಲೇ ಕಿರುಚಿ ಕಿತ್ತು ಎಸೆಯುತ್ತಿದ್ದಳು. ಒಮ್ಮೆ ದನದ ಗೋದಲಿಯಲ್ಲಿ ಹುಡುಕಿದೆ, ಒಮ್ಮೆ ಹಿಟ್ಟಿನ ಡಬ್ಬಿಯಲ್ಲಿ. ನಿಮಗೆ ಬರೆದರೆ ಅಷ್ಟು ದೂರದಲ್ಲಿ ಕುಳಿತು ನಿದ್ದೆಗೆಡುತ್ತೀರಿ ಎಂದು ಸುಮ್ಮನಿದ್ದೆ.

ಗೋಕಾಕದಲ್ಲಿ ಭಕ್ತಿ ಮೇಡಂ ಎಂಬುವವರು ಕಿವಿ ಪರೀಕ್ಷೆಯ ಕೇಂದ್ರ ಇಟ್ಟಿದ್ದಾರೆ. ಜೈನರ ಮನೆಯ ಹುಡುಗಿ, ಮೀರಜಿನಲ್ಲಿ ಕಲಿತು ಬಂದವರು. ಅತ್ತೆಯವರೂ ನಾನೂ ಕೆಂಪಿಯನ್ನು ಕರೆದುಕೊಂಡು ಹೋದೆವು. ಕಾರ್ಡು ಬರೆಯುವಾಗ ‘ಕೂಸಿನ ತಂದಿ ಹೆಸರೇನ್ರಿ?’ ಎಂದು ಕೇಳಿದರು. ನಾನು ಅತ್ತೆಯವರ ಮುಖ ನೋಡಿದೆ, ಅವರು ನನ್ನ ಮುಖ ನೋಡಿದರು. ನನಗೆ ಅದು ಗಂಡನ ಹೆಸರು, ಅವರಿಗೆ ಮಾವನ ಹೆಸರು. ನಿಮಗೆ ನಿಮ್ಮ ಅಜ್ಜನ ಹೆಸರಿಟ್ಟ ದಿನದಿಂದ ಅವರು ನಿಮ್ಮನ್ನು ‘ತಮ್ಮಾ’ ಎಂದಲ್ಲದೆ ಕರೆದದ್ದುಂಟೇ? ಕೊನೆಗೆ ನಿಮ್ಮ ಮಿಲಿಟರಿ ಕ್ಯಾಂಟೀನ್ ಕಾರ್ಡನ್ನೇ ತೆಗೆದು ಮುಂದಿಟ್ಟೆ. ಭಕ್ತಿ ಮೇಡಂ ಓದಿಕೊಂಡು, ‘ಇಷ್ಟು ಛಲೋ ಹೆಸರು, ಮನ್ಯಾಗ ಯಾರೂ ಕರಿಯಂಗಿಲ್ಲೇನ್ರಿ?’ ಎಂದು ನಕ್ಕರು. ಯೋಚಿಸಿದರೆ ಹೌದು, ಮಾವ ಕೂಡ ತಮ್ಮ ತಂದೆಯ ಹೆಸರೆಂದು ನಿಮ್ಮನ್ನು ‘ಅಪ್ಪಾ’ ಎನ್ನುತ್ತಾರೆ. ನಿಮ್ಮ ಹೆಸರು ನಮ್ಮ ಮನೆಯಲ್ಲಿ ಕಾಗದದ ಮೇಲೆ ಮಾತ್ರ ಇದೆ.

ಕೆಂಪಿಯನ್ನು ಪರೀಕ್ಷಿಸಿ ಅವರು ಹೇಳಿದ್ದಿಷ್ಟು. ಕಿವಿಯ ಯಂತ್ರ ಚೆನ್ನಾಗಿದೆ, ಆದರೆ ಈ ಕೂಸಿನ ಕಿವಿಗೆ ತಕ್ಕಂತೆ ಹೊಂದಿಸಿಲ್ಲ. ದಪ್ಪ ಸದ್ದುಗಳು ನೋಯುವಷ್ಟು ಜೋರಾಗಿ ಬಡಿಯುತ್ತವೆ, ಸ, ಶ ಎಂಬ ಸಣ್ಣ ಸದ್ದುಗಳು ಒಳಗೆ ಹೋಗುವುದೇ ಇಲ್ಲ. ಹೊಂದಿಸಲು ಒಂದು ಪೆಟ್ಟಿಗೆ ಬೇಕು. ಅದರ ಒಂದು ಕಡೆ ಕಿವಿಯ ಯಂತ್ರ, ಇನ್ನೊಂದು ಕಡೆ ಕಂಪ್ಯೂಟರು. ಅವರ ಗುರುಗಳು ಕೊಟ್ಟ ಹಳೆಯ ಪೆಟ್ಟಿಗೆ ಇತ್ತು, ಊಟದ ಡಬ್ಬಿಯಷ್ಟು ದೊಡ್ಡದು, ಒಂಬತ್ತು ಸೂಜಿಯ ಸೀರಿಯಲ್ ತಂತಿಯದು. ಆದರೆ ಹಳೆಯ ಕಂಪ್ಯೂಟರು ಸಿಡಿಲಿಗೆ ಸುಟ್ಟುಹೋಗಿತ್ತು. ಹೊಸ ಲ್ಯಾಪ್‌ಟಾಪಿನಲ್ಲಿ ಚಪ್ಪಟೆ ಯುಎಸ್‌ಬಿ ಕಿಂಡಿಗಳಷ್ಟೇ, ಒಂಬತ್ತು ಸೂಜಿಗೆ ಜಾಗವೇ ಇಲ್ಲ. ಪೇಟೆಯಿಂದ ತರಿಸಿದ ಸಿದ್ಧ ತಂತಿ ಹಾಕಿದರೆ ಪೆಟ್ಟಿಗೆ ಮಿಸುಕಲಿಲ್ಲ. ಬೇರೆ ಪೆಟ್ಟಿಗೆ ಕೊಡಬಲ್ಲ ಗುರುಗಳು ಪರದೇಶದಲ್ಲಿದ್ದಾರೆ, ದೀಪಾವಳಿ ಕಳೆಯದೆ ಬರುವುದಿಲ್ಲ. ‘ಅಲ್ಲೀತನಾ ಕಾಯಬ್ಯಾಡ್ರಿ. ಮೂರು ತುಂಬೇತಿ, ಈಗ ಕೇಳ್ಲಿಲ್ಲಂದ್ರ ಮುಂದ ಮಾತು ಕಲಿಯೂದು ಭಾಳ ಕಷ್ಟ ಆಕೈತ್ರಿ’ ಎಂದರು ಭಕ್ತಿ ಮೇಡಂ.

ಬಸ್ ಸ್ಟ್ಯಾಂಡಿನವರೆಗೆ ನಡೆದು ಬಂದೆವು. ಅತ್ತೆಯವರು ಕೆಂಪಿಗೆ ಬಾಳೆಹಣ್ಣು ಸುಲಿದು ಕೊಡುತ್ತಿದ್ದರು. ನನಗೆ ಏನನ್ನಿಸಿತೋ ಕಾಣೆ, ಅವರನ್ನು ಅಲ್ಲೇ ಕೂರಿಸಿ ಮರಳಿ ಓಡಿದೆ. ‘ಆ ಜೋಡಿಸೋ ತಂತಿ ನಾ ಮಾಡಿ ಕೊಡ್ತೇನ್ರಿ’ ಎಂದುಬಿಟ್ಟೆ. ಹುಕ್ಕೇರಿಯಲ್ಲಿ ಐಟಿಐ ಎಲೆಕ್ಟ್ರಾನಿಕ್ಸ್ ಮಾಡಿದವಳು ಎಂದೂ ಹೇಳಿದೆ. ಭಕ್ತಿ ಮೇಡಂ ನನ್ನ ಕೈಬಳೆ, ತಲೆಯ ಮೇಲಿನ ಸೆರಗು ಎಲ್ಲ ನೋಡಿದರು. ‘ಮಾಡ್ರಿ. ಆದರ ಈ ಪೆಟಗಿ ಸುಟ್ಟರ ನನ್ನ ಕಡೆ ಇನ್ನೊಂದಿಲ್ಲರೀ’ ಎಂದರು. ಬಸ್ಸಿನಲ್ಲಿ ಮೂಡಲಗಿಯವರೆಗೂ ಆ ಮಾತೇ ಕಿವಿಯಲ್ಲಿತ್ತು. ಸುಟ್ಟರೆ ನಮ್ಮ ಕೆಂಪಿ ಒಬ್ಬಳದೇ ಅಲ್ಲ, ಎಷ್ಟು ಕೂಸುಗಳ ಕಿವಿ!

ಟ್ರಂಕಿನ ತಳದಿಂದ ಸೋಲ್ಡರಿಂಗ್ ಕಡ್ಡಿ ಹೊರಗೆ ಬಂತು. ಮದುವೆಯ ಸೀರೆಯ ಮಡಿಕೆಯೊಳಗೆ ಇಟ್ಟಿದ್ದೆ, ಸೀರೆಗೆಲ್ಲ ರಾಳದ ವಾಸನೆ. ನಮ್ಮೂರಿನ ಟೈಪಿಂಗ್ ಕೇಂದ್ರದ ರಾಜಪ್ಪ ಪುಣೆಯಿಂದ ಎಲೆಕ್ಟ್ರಾನಿಕ್ ಚಿಪ್ಪುಗಳನ್ನು ತರಿಸಿಕೊಟ್ಟರು. ಅವುಗಳ ಕಾಲುಗಳನ್ನು ನೀವು ನೋಡಬೇಕಿತ್ತು, ಇರುವೆಯ ಕಾಲೇ ವಾಸಿ. ಪಂಚಮಿಗೆ ತವರಿಗೂ ಹೋಗದೆ, ಕರೆಂಟು ಇದ್ದ ಹೊತ್ತಿನಲ್ಲಿ ಅಂಗಳದ ಬೆಳಕಿಗೆ ಕುಳಿತು ಮಾವನ ಕನ್ನಡಕ ಹಾಕಿಕೊಂಡು ಬೆಸೆದೆ. ಮಾವ ಎದುರಿಗೆ ಕುಕ್ಕರಗಾಲಲ್ಲಿ ಕುಳಿತು ಇದೇನು, ಅದೇನು ಎಂದು ಕೇಳುವವರು. ಮಾತು ಈ ತಂತಿಯಲ್ಲಿ ಇಡಿಯಾಗಿ ಹೋಗುವುದಿಲ್ಲ, ಚೂರು ಚೂರಾಗಿ ಒಂದರ ಹಿಂದೊಂದು ಹೋಗಿ ಆ ಕಡೆ ಮತ್ತೆ ಕೂಡಿಕೊಳ್ಳುತ್ತದೆ ಎಂದೆ. ಅವರು ‘ಹಂಗಾರ ಕುರಿ ಹಟ್ಟಿ ಬಾಗಲಾ ದಾಟಿದಂಗ. ಒಂದೂ ತಪ್ಪಂಗಿಲ್ಲಾ?’ ಎಂದರು. ತಪ್ಪುವುದಿಲ್ಲ ಎಂದೆ. ‘ಅಬಬಬಾ!’ ಎಂದು ಬಾಯಿ ಮೇಲೆ ಕೈ ಇಟ್ಟುಕೊಂಡರು. ಐಟಿಐಯಲ್ಲಿ ಇದನ್ನು ಪರೀಕ್ಷೆಗೆಂದು ಬಾಯಿಪಾಠ ಮಾಡಿದ್ದೆ. ಸೋಜಿಗ ಪಡಬೇಕಾದ ಸಂಗತಿ ಎಂದು ಗೊತ್ತಾದದ್ದು ಆ ದಿನವೇ.

ಇನ್ನೂ ಒಂದು ಸೋಜಿಗ ಕೇಳಿ. ಸಿದ್ಧ ತಂತಿ ಯಾಕೆ ಸೋತಿತು ಎಂದು ಚಿಪ್ಪಿನ ಜೊತೆ ಬಂದ ಹಾಳೆಗಳಲ್ಲಿ ಹುಡುಕುತ್ತಿದ್ದೆ. ಹಳೆಯ ಯಂತ್ರಗಳಿಗೆ ಹೆಚ್ಚಿನ ವೋಲ್ಟೇಜಿನಲ್ಲಿ, ಅಂದರೆ ಗಟ್ಟಿ ದನಿಯಲ್ಲಿ ಹೇಳಬೇಕು. ಹೊಸ ಕಂಪ್ಯೂಟರುಗಳದು ಪಿಸುಮಾತು. ಆ ಅಗ್ಗದ ತಂತಿ ಪಿಸುಮಾತನ್ನು ಹಾಗೆಯೇ ದಾಟಿಸುತ್ತಿತ್ತು, ಪೆಟ್ಟಿಗೆಗೆ ಕೇಳಿಸುತ್ತಲೇ ಇರಲಿಲ್ಲ. ಓದಿದವಳೇ ಹಾಳೆ ಕೆಳಗಿಟ್ಟು ಕೆಂಪಿಯನ್ನು ನೋಡಿದೆ. ಅವಳು ಕುರಿಮರಿಯ ಬಾಲ ಹಿಡಿದು ಅಂಗಳ ಸುತ್ತುತ್ತಿದ್ದಳು. ಕಿವಿ ಸರಿಪಡಿಸುವ ಪೆಟ್ಟಿಗೆಗೇ ಕಿವಿ ಮಂದ! ನಾನು ಮಾಡಬೇಕಾದದ್ದು ಅದಕ್ಕೊಂದು ಕಿವಿಯ ಯಂತ್ರ. ದನಿ ಏರಿಸಲೆಂದೇ ಎರಡನೆಯ ಚಿಪ್ಪನ್ನು ಸೇರಿಸಿದೆ. ಆ ಹೊತ್ತಿನಿಂದ ಅದು ನನಗೆ ಬರೀ ತಂತಿಯಾಗಿ ಕಾಣಲಿಲ್ಲ. ನಮ್ಮ ಕೂಸಿನದೇ ಕೆಲಸ ಮಾಡುತ್ತಿದ್ದೇನೆ ಎಂದು ಅಳು ಬಂತು, ಕಡ್ಡಿಯ ತುದಿಗೆ ಕಣ್ಣೀರು ಬಿದ್ದು ಚುಂಯ್ ಎಂದಿತು.

ಅಷ್ಟಾದರೂ ಮೊದಲ ಸಲ ಸೋತೆ. ರಾಜಪ್ಪನವರ ಹೊಸ ಕಂಪ್ಯೂಟರಿಗೆ ಸಿಕ್ಕಿಸಿ, ಹೋಗುವ ಸೂಜಿಯನ್ನೂ ಬರುವ ಸೂಜಿಯನ್ನೂ ಬಳೆಯಲ್ಲಿದ್ದ ಪಿನ್ನಿನಿಂದ ಕೂಡಿಸಿದೆ. ಹೀಗೆ ಮಾಡಿದರೆ ಒತ್ತಿದ ಅಕ್ಷರ ಸುತ್ತು ಹಾಕಿ ಪರದೆಗೆ ಮರಳಬೇಕು. ಏನೂ ಮರಳಲಿಲ್ಲ. ಮನೆಗೆ ಬಂದು ರೊಟ್ಟಿ ಬಡಿಯುತ್ತಿದ್ದೆ. ಹೊರಗೆ ಅತ್ತೆಯವರೂ ಮಾವನವರೂ ಯಾವುದೋ ಟಗರಿನ ವಿಷಯಕ್ಕೆ ಒಬ್ಬರ ಮೇಲೊಬ್ಬರು ಕೂಗಾಡುತ್ತಿದ್ದರು, ಇಬ್ಬರೂ ಹೇಳುವವರೇ, ಕೇಳುವವರಿಲ್ಲ. ತಟ್ಟನೆ ಹೊಳೆಯಿತು. ಒಂದು ಚಿಪ್ಪಿನ ಬಾಯಿಯನ್ನು, ಅಂದರೆ ಮಾತು ಹೊರಡುವ ಕಾಲನ್ನು, ಇನ್ನೊಂದರ ಬಾಯಿಗೇ ಬೆಸೆದಿದ್ದೆ! ಬಾಯಿ ಕಿವಿಗೆ ಹೋಗಬೇಕಲ್ಲವೇ. ಹಂಚಿನ ಮೇಲೆ ರೊಟ್ಟಿ ಬಿಟ್ಟು ಎದ್ದೆ, ಅದು ಸೀದುಹೋಯಿತು, ಬೈಗುಳ ತಿಂದೆ. ಮರುದಿನ ರಾಜಪ್ಪನವರಲ್ಲಿ ಕೆಂಪಿಯ ಹೆಸರಿನ ಮೊದಲ ಅಕ್ಷರ ಒತ್ತಿದೆ. ಹೋಗಿ, ತಿರುಗಿ, ಪರದೆಯ ಮೇಲೆ ಬಂದು ನಿಂತಿತು. ನಾನು ಕೈಮುಗಿದುಬಿಟ್ಟೆ, ರಾಜಪ್ಪ ನಕ್ಕರೆ ನಗಲಿ.

ಸಾಬೂನಿನ ಡಬ್ಬಿಯಲ್ಲಿ ಅದನ್ನು ಭದ್ರಮಾಡಿ ನಿನ್ನೆ ಅತ್ತೆಯವರೂ ನಾನೂ ಕೆಂಪಿಯೂ ಗೋಕಾಕಕ್ಕೆ ಹೋದೆವು. ಭಕ್ತಿ ಮೇಡಂ ಸಿಕ್ಕಿಸುವಾಗ ನಾನು ಕಣ್ಣು ಮುಚ್ಚಿಕೊಂಡಿದ್ದೆ, ಸುಟ್ಟ ವಾಸನೆ ಬರುತ್ತದೋ ಎಂದು ಮೂಗು ಮಾತ್ರ ತೆರೆದಿತ್ತು. ‘ಕಣ್ಣ ತೆಗೀರಿ’ ಎಂದರು. ಪೆಟ್ಟಿಗೆಯ ಹಸಿರು ದೀಪ ಹತ್ತಿತ್ತು. ಪರದೆಯ ಮೇಲೆ ಕೆಂಪಿಯ ಕಿವಿಯ ಯಂತ್ರದ ಗುರುತು, ಅವಳು ಕೇಳಬಲ್ಲ ದನಿಗಳ ಗೆರೆ ಎಲ್ಲ ಬಂದವು. ಅವರು ಇಲ್ಲಿ ಗೆರೆ ಸರಿಸಿದರೆ, ಅದು ನಾನು ಬೆಸೆದ ತಂತಿಯಲ್ಲಿ ಹಾದು ಅಲ್ಲಿ ನಮ್ಮ ಕೂಸಿನ ಕಿವಿಯಲ್ಲಿ ಬದಲಾಗುತ್ತಿತ್ತು. ದಿನಾ ಸಗಣಿ ಬಳಿಯುವ ಕೈ ಇದು, ಇದರಿಂದಲೇ ಆಯಿತೇ ಎಂದು ಕೈಯನ್ನೇ ತಿರುಗಿಸಿ ತಿರುಗಿಸಿ ನೋಡಿಕೊಂಡೆ. ಕೆಂಪಿ ನಮಗೆ ಬೆನ್ನು ಮಾಡಿ ಸಣ್ಣ ಕುರ್ಚಿಯಲ್ಲಿ ಕುಳಿತಿದ್ದಳು, ಮಡಿಲಲ್ಲಿ ನಿಮ್ಮ ಫೋಟೋ. ಅದಿಲ್ಲದೆ ಅವಳು ಎಲ್ಲಿಗೂ ಬರುವುದಿಲ್ಲ. ಈ ಸಲ ಯಂತ್ರ ಕಿತ್ತು ಎಸೆಯಲಿಲ್ಲ! ಹಿಂದಿನಿಂದ ಡೋಲು ಬಡಿದರು, ತಿರುಗಿದಳು. ‘ಆ’ ಎಂದರು, ತಿರುಗಿದಳು. ‘ಊ’ ಎಂದರು, ತಿರುಗಿ ನಕ್ಕಳು. ಆಮೇಲೆ ಉಳಿದದ್ದು ಸಣ್ಣ ಸದ್ದಿನ ಪರೀಕ್ಷೆ. ಅದೂ ಆಯಿತು. ಹೇಗೆ ಆಯಿತು ಎಂದು ಬರೆಯಲು ನನಗೆ ನಾಚಿಕೆ, ಅದೊಂದನ್ನು ಬಿಡಿ.

ಮಾವ ಅಂಚೆಗೆ ಹೋಗಲು ರುಮಾಲು ಸುತ್ತಿ ನಿಂತಿದ್ದಾರೆ. ಅವರ ಆಶೀರ್ವಾದ, ಅತ್ತೆಯವರ ಆಶೀರ್ವಾದ. ಕೆಂಪಿ ಈಗ ಮನೆಯಲ್ಲಿ ಪಾತ್ರೆ ಬಡಿದು ಬಡಿದು ನಮ್ಮೆಲ್ಲರ ಕಿವಿ ಕಿವುಡು ಮಾಡುತ್ತಿದ್ದಾಳೆ, ಅವಳದೂ ಒಂದು ಮುತ್ತು. ಬೆರಳಿಗೆ ಎಣ್ಣೆ ಹಚ್ಚಿಕೊಳ್ಳಿ. ಬೀರದೇವರು ನಿಮ್ಮನ್ನು ಕಾಯಲಿ.

ನಿಮ್ಮವಳೇ ಆದ
ವಿಜಿ

ತಾ.ಕ.: ಅತ್ತೆಯವರು ಬಾಗಿಲಲ್ಲಿ ನಿಂತು ‘ಆ ಸುದ್ದಿ ಬರದಿಯೋ ಇಲ್ಲೋ?’ ಎಂದು ಗದರಿಸುತ್ತಿದ್ದಾರೆ. ಆದ್ದರಿಂದ ಅವಸರದಲ್ಲಿ ಬರೆಯುತ್ತೇನೆ. ಸ ಇರುವ ಮಾತು ಹೇಳಿ ಕೂಸನ್ನು ಕರೆಯಿರಿ ಎಂದರು ಮೇಡಂ. ಬಾಯಿ ಕಾಣದಂತೆ ಸೆರಗು ಹಿಡಿದು ಸಕ್ಕರಿ ಎಂದೆ, ಸಜ್ಜಕ ಎಂದೆ. ತಿರುಗಲಿಲ್ಲ. ಅವರು ಗೆರೆಯನ್ನು ಇನ್ನಷ್ಟು ಸರಿಸಿ, ‘ಹಂಗ ಒಣಾ ಮಾತು ಬ್ಯಾಡ್ರಿ. ಮನಸಿನ್ಯಾಗ ದಿನಾ ಅನ್ನೂ ಮಾತು ಅನ್ರಿ’ ಎಂದರು. ಅವಳ ಹೆಗಲ ಮೇಲಿಂದ ನಿಮ್ಮ ಫೋಟೋ ಕಾಣುತ್ತಿತ್ತು. ಬಾಯಿಂದ ಬಂದೇಬಿಟ್ಟಿತು: ಬೀರಸಿದ್ದಪ್ಪ. ಕೆಂಪಿ ತಿರುಗಿ ನನ್ನನ್ನೇ ನೋಡಿದಳು. ಅತ್ತೆಯವರು ಪಕ್ಕದಲ್ಲೇ ಇದ್ದರು, ನನಗೆ ತಲೆ ಎತ್ತಲಾಗಲಿಲ್ಲ. ಅವರು ನನ್ನ ಬೆನ್ನ ಮೇಲೆ ಕೈಯಿಟ್ಟು, ‘ಇನ್ನೊಮ್ಮೆ ಅನ್ ನನ್ನವ್ವಾ, ಕೂಸು ಕೇಳಾಕತ್ತೈತಿ’ ಎಂದರು. ಇವತ್ತು ಬೆಳಿಗ್ಗೆ ದೇವರ ಜಗಲಿಗೆ ಊದಿನಕಡ್ಡಿ ಹಚ್ಚಿ, ತಮ್ಮ ಮಾವನಿಗೆ, ಅಂದರೆ ನಿಮ್ಮ ಅಜ್ಜನಿಗೆ, ತಪ್ಪಾಯಿತೆಂದು ಕೈಮುಗಿದು ಬಂದವರೇ ಕೆಂಪಿಯ ಹಿಂದೆ ನಿಂತು ತಾವೂ ನಿಮ್ಮ ಹೆಸರು ಹಿಡಿದು ಕರೆದರು. ಮಾವ ವಿಳಾಸ ಬರೆಯಲು ಲಕೋಟೆ ಕೇಳುತ್ತಿದ್ದಾರೆ. ಕೊಡುವುದಿಲ್ಲ. ಈ ಸಲ ಮೇಲಿನ ಹೆಸರು ನಾನೇ ಬರೆಯುತ್ತೇನೆ.